ನನಗೂ ಒಂದು ನೋಟಿಸ್ ಕೊಡಿ

ಪಣಂಬೂರು, ಮಂಗಳೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗ ಲತೀಶನಿಗೆ,

ನಿನ್ನ ಭುಜನೋವು ಹೇಗುಂಟು? ಬೋಟಿನ ಐಸ್ ಪೆಟ್ಟಿಗೆಗಳನ್ನೆಲ್ಲ ನೀನೊಬ್ಬನೇ ಎತ್ತಬೇಡ, ರತ್ನಗಿರಿಯಲ್ಲಿ ಬೇರೆ ಗಂಡಸರಿಲ್ಲವಾ? ನಾನು ಗಟ್ಟಿ ಇದ್ದೇನೆ. ಫೋನಿನಲ್ಲಾದರೆ ಅರ್ಧಕ್ಕೇ "ಆಯ್ತಮ್ಮ, ಆಯ್ತಮ್ಮ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು.

ಪಕ್ಕದ ಮನೆಯ ಬೀಫಾತಿಮ್ಮನಿಗೆ ಪಾಲಿಕೆಯಿಂದ ನೋಟಿಸ್ ಬಂದಿದೆ. ಅವಳ ಮಾಳಿಗೆಯ ಕೋಣೆಯಲ್ಲಿ ಶುಕ್ರವಾರ ಹತ್ತು ಹನ್ನೆರಡು ಹೆಂಗಸರು ಕೂಡಿ ನಮಾಜು ಮಾಡುತ್ತಾರಲ್ಲ, ಲಾರಿಗಳ ನಡುವೆ ಹೆದ್ದಾರಿ ದಾಟಿ ಮಸೀದಿಗೆ ಹೋಗಲಾಗದ ಮುದುಕಿಯರೇ ಹೆಚ್ಚು. ವಾಸಕ್ಕೆಂದು ಪರವಾನಗಿ ಪಡೆದ ಮನೆಯಲ್ಲಿ ಪ್ರಾರ್ಥನೆಗೆ ಜನ ಸೇರಿಸಬಾರದು ಎಂದು ನಮ್ಮ ಓಣಿಯವರೇ ಆರು ಮಂದಿ ಸಹಿ ಹಾಕಿ ದೂರು ಕೊಟ್ಟದ್ದು. "ನನ್ನ ಮನೆಯಲ್ಲಿ ದೇವರ ಹೆಸರು ಹೇಳ್ಲಿಕ್ಕೂ ಪರ್ಮಿಷನ್ ಬೇಕಾ ಸುಂದರಿ?" ಎಂದು ಅತ್ತುಬಿಟ್ಟಳು, ಪಾಪ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಂಗಳವಾರದ ವಿಚಾರಣೆಗೆ, ಮಾರ್ಕೆಟಿನಲ್ಲಿ ಪಕ್ಕ ಕೂರುವ ಅಪ್ಪಿಗೆ ಮೀನಿನ ಬುಟ್ಟಿ ಒಪ್ಪಿಸಿ, ನಾನೂ ಹೋದೆ.

ಆಫೀಸರು ಪಾಪದ ಮನುಷ್ಯ. "ರೂಲ್ಸ್ ಎಲ್ಲರಿಗೂ ಒಂದೇ ಅಲ್ವಾ ಅಮ್ಮ, ನಾನೆಂತ ಮಾಡ್ಲಿ?" ಎಂದರು. ನಾನು ಬಿಡುತ್ತೇನಾ! "ಒಂದೇ ಆದ್ರೆ ನನಗೂ ಒಂದು ನೋಟಿಸ್ ಕೊಡಿ ಮಾರಾಯ್ರೆ. ನಮ್ಮ ಜಗಲಿಯಲ್ಲಿ ಮೂವತ್ತು ವರ್ಷದಿಂದ ಶನಿವಾರ ಶನಿವಾರ ಭಜನೆ ಉಂಟು, ಮೈಕ್ ಬೇರೆ. ನಾವು ಯಾರ ಹತ್ರ ಕೇಳಿದ್ದೇವೆ?" ಎಂದೆ. ದೂರಿಗೆ ಮೊದಲು ಸಹಿ ಹಾಕಿದ ಲೀಲಾಧರಣ್ಣ ಅಲ್ಲೇ ಕೂತಿದ್ದರು. ನಮ್ಮ ಭಜನೆಗೆ ತಾಳ ಹಾಕುವವರೇ ಅವರು! ನೆರೆಯವರ ಆಕ್ಷೇಪ ಇಲ್ಲದಿದ್ದರೆ ಸಣ್ಣ ಕೂಟಕ್ಕೆ ಅನುಮತಿ ಕೊಡಬಹುದು, ತಾರೀಕು ಇಪ್ಪತ್ತೈದಕ್ಕೆ ಮತ್ತೆ ಬನ್ನಿ ಎಂದು ಆಫೀಸರು ಹೇಳಿದರು. ಮೆಟ್ಟಿಲು ಇಳಿಯುವಾಗಲೇ ಲೀಲಾಧರಣ್ಣ ದೂರು ಹಿಂದೆ ತೆಗೆಯಲು ಒಪ್ಪಿದರು. ಉಳಿದವರ ಮನೆಗೂ ಹೋದೆ, ಕೆಲವರ ಹತ್ತಿರ ಜಗಳವನ್ನೂ ಆಡಿದೆ. ಐದು ಮಂದಿಯದ್ದು ಆಯಿತು. ಈ ಕೆಲಸ ಆಗಿಯೇ ಆಗುತ್ತದೆ, ನನಗೆ ಅನುಮಾನವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಡಲಿನಲ್ಲಿ ನಿನ್ನನ್ನು ಬೊಬ್ಬರ್ಯ ದೈವ ಕಾಯಲಿ.

ನಿನ್ನ ಅಮ್ಮ,
ಸುಂದರಿ

ಮರೆತದ್ದಲ್ಲ, ಕೊನೆಗೆ ಇಟ್ಟದ್ದು: ಆರನೆಯ ಸಹಿ ನಿನ್ನದು. ಅಷ್ಟಮಿಗೆ ಬಂದಾಗ ಹಾಕಿದ್ದಿರಬೇಕು. ಆಫೀಸರು ಹಾಳೆ ತಿರುಗಿಸಿದಾಗ ಕಂಡೆ ಮಗ. ಬೀಫಾತಿಮ್ಮ ನೋಡಿಲ್ಲ. ನಾನು ಹೇಳುವುದಿಲ್ಲ, ಹೇಳಬೇಕಾದವನು ನೀನು. ಖಾಲಿ ಹಾಳೆ, ಸ್ಟಾಂಪು ಹಚ್ಚಿದ ಕವರು ಜೊತೆಗೇ ಇಟ್ಟಿದ್ದೇನೆ. ಇಪ್ಪತ್ತೈದರೊಳಗೆ ದೂರು ಹಿಂದೆ ತೆಗೆಯುವ ನಿನ್ನ ಕಾಗದ ಬರದಿದ್ದರೆ ಆ ಶುಕ್ರವಾರದಿಂದ ಮುದುಕಿಯರ ನಮಾಜು ನಮ್ಮ ಜಗಲಿಯಲ್ಲಿ, ಚಾಪೆ ಹಾಸುವವಳು ನಾನು. ಆಗ ನಿನ್ನ ಅಮ್ಮನ ಮೇಲೂ ಒಂದು ದೂರು ಬರೆದು ಸಹಿ ಹಾಕು.