ಎಲೆ ಉದುರುವ ಕಾಲಕ್ಕೆ ಒಂದು ಆಟ

ವಿಜಯಪುರ, ಕ್ರಿ.ಶ. ೨೧೯೧
ಎರಡನೆಯ ಬೇಸಿಗೆ, ಮೊದಲ ಧೂಳುವಾರ

ಇಪ್ಪತ್ತೊಂದನೆಯ ಶತಮಾನದ ತಾಯಂದಿರಿಗೆ, ಅಜ್ಜಿಯಂದಿರಿಗೆ, ನೀಲಾಂಬಿಕಾ ಮಾಡುವ ಶರಣುಗಳು.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಧೂಳು. ಪತ್ರದ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ಇದು ಹಿಂದಕ್ಕೆ ಹೋಗಿ ನಿಮ್ಮನ್ನು ಮುಟ್ಟುವ ದಾರಿ ನನಗೆ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಕೇಳಲು ಇಲ್ಲಿ ಬೇರೆ ಯಾರೂ ಉಳಿದಿಲ್ಲ.

ಹೊತ್ತು ಏರಿದ ಮೇಲೆ ಇಳಿಯುವ ತನಕ ನಾವು ಹೊರಗೆ ಕಾಲಿಡುವಂತಿಲ್ಲ. ಆ ಅವಧಿಗೆ ಒಳಗಾಲ ಎನ್ನುತ್ತೇವೆ. ಮನೆಯಿಂದ ಮನೆಗೆ ಹೋಗಲು ಮೇಲೆ ಮುಚ್ಚಿಗೆಯಿರುವ ನೆರಳೋಣಿಗಳಿವೆ. ನಾನು, ನನ್ನ ಗಂಡ ಮುರಿಗೆಪ್ಪ ಇಬ್ಬರೂ ನೆರಳುಹೊಲದಲ್ಲಿ ಜೋಳ ಬೆಳೆಯುತ್ತೇವೆ. ಇಲ್ಲಿನ ನೀರು ಬೆಳೆಯುವ ಮಕ್ಕಳ ಮೂತ್ರಪಿಂಡಕ್ಕೆ ಆಗಿಬರುವುದಿಲ್ಲ. ಅದಕ್ಕೇ ಐದು ತುಂಬಿದ ಮಕ್ಕಳನ್ನು ಉತ್ತರದ ಬೆಟ್ಟದಲ್ಲಿರುವ ಗಿರಿವಾಸಕ್ಕೆ ಕಳುಹಿಸುತ್ತಾರೆ. ದೊಡ್ಡವರಿಗೆ ಅಲ್ಲಿ ಜಾಗವಿಲ್ಲ. ದೊಡ್ಡವರಾದ ಮೇಲೆ ಮಕ್ಕಳು ಬೇಕಾದರೆ ಮರಳಿ ಬರಬಹುದು. ಹಾಗೆ ಬಂದವರು ಕಡಿಮೆ. ಯಾರನ್ನು ಬಯ್ಯಬೇಕು ಹೇಳಿ? ಕಳುಹಿಸದೆ ಇಟ್ಟುಕೊಂಡ ಮಕ್ಕಳ ಗತಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮ ಮಗಳು ಸಾತಿಗೆ ನಾಲ್ಕು ತುಂಬಿದ ದಿನ ನನ್ನ ಅತ್ತೆ ತಂಗೆವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕಡೆ ನೋಡಿ ಅಂದರು: "ಇನ್ನ ಒಂದ ವರ್ಷ ಐತಿ. ಒಂದೊಂದು ಕಾಲದ ಆಟ ಒಂದೊಂದು ಸಲಾನರೆ ಆಡಿಸಿ ಕಳಸೂಣು." ಅತ್ತೆ ಹಳೆಯ ಕಾಲಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಹೊರಗೆ ಏನೂ ಬದಲಾಗದಿದ್ದರೂ "ಇದು ಸುಗ್ಗಿ", "ಇದು ಶ್ರಾವಣ" ಎಂದು ಅವರೇ ಹೇಳುತ್ತಿದ್ದರು, ನಾವು ಹೂಂ ಅನ್ನುತ್ತಿದ್ದೆವು.

ಸುಗ್ಗಿ ಎಂದ ದಿನ ನಾನು ಹೊಲದಿಂದ ಜೋಳದ ದಂಟು ತಂದೆ. ಅತ್ತೆ ಸಿಪ್ಪೆ ಸುಲಿದು, ಒಳಗಿನ ಮೆತ್ತನೆ ಬೆಂಡನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಗಾಲಿ ಮಾಡಿದರು. ಸಿಪ್ಪೆಯ ಕಡ್ಡಿಯನ್ನೇ ಅಚ್ಚು ಮಾಡಿ ಚುಚ್ಚುವ ಕೆಲಸ ಸಾತಿಯದು. ನಾಲಿಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಚುಚ್ಚುತ್ತಿದ್ದಳು. ಬಂಡಿ ಒಂದೇ ಕಡೆ ವಾಲುತ್ತಿತ್ತು. ಅದನ್ನು ಎಳೆದುಕೊಂಡು ನೆರಳೋಣಿಯ ತುಂಬ ಓಡಾಡಿದಳು. ಓಣಿಯಲ್ಲಿ ಅವಳ ವಾರಗೆಯ ಮಕ್ಕಳು ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ಸುಮ್ಮನೆ ನೋಡಿ ಒಳಗೆ ಹೋಗುತ್ತಿದ್ದರು. ಯುಗಾದಿಗೆ ತಳಿರಿನ ತೋರಣ ಮಾಡಬೇಕಿತ್ತು. ಮಾವಿನ ಎಲೆ ಎಲ್ಲಿಂದ ತರುವುದು? ಹಳೆಯ ಹಸಿರು ಸೀರೆಯನ್ನು ಎಲೆಯ ಆಕಾರಕ್ಕೆ ಕತ್ತರಿಸಿಕೊಟ್ಟೆ. ದಾರಕ್ಕೆ ಪೋಣಿಸಿ ಕಟ್ಟಿದಳು. ಬೇಸಿಗೆಯಲ್ಲಿ ಗೋಡೆಯ ಮೇಲೆ ಕೈನೆರಳಿನ ಮೊಲ, ನಾಯಿ. ಅದಕ್ಕೇನೂ ಕೊರತೆಯಾಗಲಿಲ್ಲ, ಬಿಸಿಲು ಬೇಕಾದಷ್ಟಿತ್ತು.

ಮಳೆಗಾಲ ಬಂತು ಎಂದರು ಅತ್ತೆ. ಮಳೆ ಮಾತ್ರ ಬರಲಿಲ್ಲ. ಸಾತಿ ಕಾಗದದ ದೋಣಿ ಮಡಚಿಟ್ಟುಕೊಂಡು ದಿನಾ ಕೇಳುತ್ತಿದ್ದಳು. ಒಂದು ಸಂಜೆ ಮುರಿಗೆಪ್ಪ ತನ್ನ ಪಾಲಿನ ಸ್ನಾನದ ನೀರನ್ನು ತಂದು, ಕುರ್ಚಿಯ ಮೇಲೆ ಹತ್ತಿ, ಜರಡಿ ಹಿಡಿದು ಮೇಲಿನಿಂದ ಸುರಿದ. ಕೆಳಗೆ ಪರಾತದಲ್ಲಿ ದೋಣಿ. ಸಾತಿ ಎರಡೂ ಕೈ ಚಾಚಿ ನಿಂತಳು.

"ಆಯಿ, ಮಳಿ ಹಿಂಗ ಇರ್ತೈತೇನು?"

"ಹೂಂ ನನ್ನವ್ವಾ, ಹಿಂಗ ಇರ್ತಿತ್ತು," ಎಂದರು ಅತ್ತೆ. ಆಮೇಲೆ, "ವಾಸನಿ ಒಂದಿಲ್ಲ ನೋಡು" ಎಂದರು.

ನೀರು ಮುಗಿಯಿತು. ಮುರಿಗೆಪ್ಪ ಕುರ್ಚಿಯಿಂದ ಇಳಿಯದೆ ಖಾಲಿ ಜರಡಿ ಹಿಡಿದು ಹಾಗೇ ನಿಂತಿದ್ದ. "ಇನ್ನೊಂದೀಟು ಅಪ್ಪಾ," ಅಂದಳು ಮಗಳು. ಅವನು ನನ್ನ ಮುಖ ನೋಡಿದ. ನಾನು ಪರಾತ ಎತ್ತಿಕೊಂಡು ಒಳಗೆ ನಡೆದೆ. ಆ ನೀರಿನಲ್ಲೇ ಅವನು ಮೈ ಒರೆಸಿಕೊಳ್ಳಬೇಕಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಅವಳು ನಮ್ಮ ಜೊತೆ ಮಾಡಿದ ಕೊನೆಯ ಹಬ್ಬ. ಬೆಳಕು ಹರಿಯುವ ಮೊದಲು ಕೆರೆಯಂಗಳಕ್ಕೆ ಹೋಗಿ ಎರೆಮಣ್ಣು ತಂದೆ. ಕುಟ್ಟಿ, ಸೋಸಿ, ನೀರು ಹಾಕಿ ನಾದಿದೆ. ಅತ್ತೆಗೆ ಆಗಲೇ ಕೈ ನಡುಗುತ್ತಿತ್ತು. ಅವರು ಹೇಳಿದಂತೆ ನಾನು ಮಾಡಿದೆ. ಕಾಲು ಇಟ್ಟರೆ ಬಿರುಕು, ಕೋಡು ಇಟ್ಟರೆ ಬಿರುಕು. ಎತ್ತು ನಿಲ್ಲಲೇ ಇಲ್ಲ. ಮತ್ತೆ ನಾದಿದೆ, ಮತ್ತೆ ಬಿತ್ತು. ನನಗೆ ಅಳು ಬಂದುಬಿಟ್ಟಿತು. ಸಾತಿ ಮಾತ್ರ ಬಿದ್ದ ಎರಡೂ ಎತ್ತುಗಳ ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿ ಒತ್ತಿದಳು. ಕುಸುಬಿಕಾಳಿನ ಕಣ್ಣಿಟ್ಟಳು. "ಅವ್ವಾ, ಅಳಬ್ಯಾಡ. ದಣದಾವ, ಮಲ್ಕೊಂಡಾವ," ಎಂದಳು.

ಹೊರಡುವ ದಿನ ಆ ಎತ್ತುಗಳಲ್ಲಿ ಒಂದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದಳು. ಇಲ್ಲಿನ ಮಣ್ಣು ಅಲ್ಲಿಗೆ ಹೋಗಬಾರದು, ಮಣ್ಣಿನ ಜೊತೆ ರೋಗವೂ ಹೋಗುತ್ತದಂತೆ. ಗಾಡಿಯ ಬಾಗಿಲಲ್ಲಿ ತಪಾಸಣೆಯ ಹೆಣ್ಣುಮಗಳು ಮೆತ್ತಗೆ ಕೈ ಚಾಚಿದಳು. "ಕೊಡು ಪುಟ್ಟಿ. ಬೆಟ್ಟದ ಮ್ಯಾಲೆ ಬ್ಯಾರೆ ಆಟಿಗಿ ಕೊಡ್ತಾರ." ಸಾತಿ ರಂಪ ಮಾಡಲಿಲ್ಲ. ಎತ್ತು ಕೊಟ್ಟು, "ಅದಕ ಸಂಜಿಕೆ ಮೇವು ಹಾಕ್ರಿ," ಎಂದಳು. ಆ ಹೆಣ್ಣುಮಗಳು ನನ್ನನ್ನೂ ನೋಡಲಾರದೆ, ಕೈಯಲ್ಲಿದ್ದುದನ್ನು ಕೆಳಗೂ ಇಡಲಾರದೆ ನಿಂತಳು. ನಾನು ಮಗಳ ಹೆಸರು ಕೂಗಬೇಕೆಂದುಕೊಂಡೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗಾಲ ಶುರುವಾಗುವ ಹೊತ್ತಾಗಿತ್ತು, ಎಲ್ಲರನ್ನೂ ಒಳಗೆ ಕಳುಹಿಸಿದರು.

ಅದಾಗಿ ಕೆಲವೇ ವಾರಗಳಲ್ಲಿ ಅತ್ತೆ ತೀರಿಕೊಂಡರು. ಈಗ ಮನೆಯಲ್ಲಿ ಇದು ಯಾವ ಕಾಲ ಎಂದು ಹೇಳುವವರಿಲ್ಲ.

ಶುಕ್ರವಾರಗಳಂದು ದೂರಮಾತು ಬರುತ್ತದೆ. ದನಿ ಮಾತ್ರ, ಮುಖ ಕಾಣುವುದಿಲ್ಲ. ಮೊದಮೊದಲು ಸಾತಿ ಅಳುತ್ತಿದ್ದಳು. ಈಚೆಗೆ ಅಲ್ಲಿನ ಮಾತಿನ ಧಾಟಿ ಬರತೊಡಗಿದೆ. ಒಮ್ಮೆ "ನೀರು ತಣ್ಣಗಿದೆ" ಅಂದಳು, ನಮ್ಮ ಹಾಗೆ "ಐತಿ" ಅನ್ನಲಿಲ್ಲ. ಮುರಿಗೆಪ್ಪ ಆ ದಿನ ಊಟ ಬಿಟ್ಟ. ಆದರೆ ಕಳೆದ ಶುಕ್ರವಾರ ಅವಳ ದನಿ ಮೊದಲಿನ ಹಾಗೇ ಓಡೋಡಿ ಬಂತು.

"ಅವ್ವಾ, ಇಲ್ಲಿ ಗಿಡದ ಎಲಿ ಎಲ್ಲಾ ಬೀಳಾಕತ್ತಾವ! ಕೆಂಪನ್ನವು, ಹಳದಿ ಅನ್ನವು. ರಾಶಿ ಬಿದ್ದಾವ. ಈ ಕಾಲಕ್ಕ ಆಟ ಏನೈತಿ? ಎಲಿಲೆ ಏನ್ ಮಾಡಬೇಕು?"

ನಾನು ಹುಟ್ಟಿದಾಗಿನಿಂದ ಎಲೆ ಉದುರುವುದನ್ನು ಕಂಡವಳಲ್ಲ. ನಮ್ಮ ಗಿಡಗಳು ನಿಂತಲ್ಲೇ ಒಣಗುತ್ತವೆ. ಅತ್ತೆ ಹೇಳುತ್ತಿದ್ದ ಕಾಲಗಳಲ್ಲಿ ಇದು ಇರಲಿಲ್ಲ, ಕೇಳೋಣವೆಂದರೆ ಈಗ ಅವರೂ ಇಲ್ಲ.

"ತಡಿ ನನ್ನವ್ವಾ, ಕೇಳಿ ಹೇಳ್ತೀನಿ," ಎಂದೆ.

"ಲಗೂ ಕೇಳು. ಎಲ್ಲಾ ಉದುರಿ ಹೋಗ್ತಾವ," ಎಂದಳು.

ಓಣಿಯಲ್ಲೆಲ್ಲ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಮುರಿಗೆಪ್ಪ ಜೋಳದ ಗರಿ ಹಿಡಿದು ಏನೇನೋ ಮಡಚಿ ನೋಡುತ್ತಾನೆ. ಅದು ಬಿಚ್ಚಿಕೊಳ್ಳುತ್ತದೆ.

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಉದುರಿದ ಎಲೆಗಳನ್ನು ಕಂಡವರು ನೀವು. ನಾಲ್ಕೈದು ವರ್ಷದ ಮಗು ಎಲೆ ಆರಿಸಿ ಮಡಿಲು ತುಂಬಿಕೊಂಡು ಮನೆಯೊಳಗೆ ಬಂದರೆ ಅದರ ಜೊತೆ ಕುಳಿತು ಏನು ಮಾಡುತ್ತೀರಿ? ಸುರುಳಿ ಸುತ್ತಿ ಊದುತ್ತೀರಾ? ಕಡ್ಡಿ ಚುಚ್ಚಿ ಕಿರೀಟ ಮಾಡುತ್ತೀರಾ? ಬಣ್ಣ ಹಚ್ಚಿ ಕಾಗದಕ್ಕೆ ಒತ್ತುತ್ತೀರಾ? ಎಳೆ ಬೆರಳಿಗೆ ನಿಲುಕುವಂಥದ್ದು ಸಾಕು. ಮೊದಲು ಏನು, ಆಮೇಲೆ ಏನು ಎಂದು ಬಿಡಿಸಿ ಬರೆಯಿರಿ. ನಾನು ಅದನ್ನು ಬರಿಯ ದನಿಯಲ್ಲಿ ಹೇಳಬೇಕು, ಅವಳು ನನ್ನ ಕೈ ನೋಡಲಾರಳು. ಬರೆದದ್ದನ್ನು ಎಲ್ಲಿಯಾದರೂ ಬಾಳಿಕೆ ಬರುವ ಕಡೆ ಇಡಿ, ಹುಡುಕಿಕೊಳ್ಳುತ್ತೇನೆ.

ನಿಮ್ಮ ಮಕ್ಕಳು ಸುಖವಾಗಿರಲಿ. ನಾಡಿದ್ದೇ ಶುಕ್ರವಾರ.

ಸಾತಿಯ ಅವ್ವ,
ನೀಲಾಂಬಿಕಾ