ಹುಟ್ಟುಹಬ್ಬದ ಸಾರು

ತ್ಸುರುಹಾಶಿ, ಒಸಾಕಾ
ನವೆಂಬರ್ ೧೬

ಅಕ್ಕಾ,

ನೀನು ಚೆನ್ನಾಗಿದ್ದೀಯೆಂದು ನಿನ್ನ ಮಗಳ ಬಾಯಿಂದಲೇ ಕೇಳಿದೆ. ಹೌದು, ಶಿಹೊ ನಮ್ಮ ಅಂಗಡಿಗೆ ಬಂದಿದ್ದಳು. ಗಾಬರಿಯಾಗಬೇಡ, ಪೂರ್ತಿ ಓದು.

ನಮ್ಮ ಕೊರಿಯಾದ ತಿನಿಸುಗಳ ರುಚಿ ನೋಡಲೆಂದು ಕಾಲೇಜು ಹುಡುಗಿಯರು ಈಗ ನಮ್ಮ ಮಾರುಕಟ್ಟೆಗೆ ಹಿಂಡುಹಿಂಡಾಗಿ ಬರುತ್ತಾರೆ. ನಮ್ಮ ಊಟದ ಡಬ್ಬಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದ ಊರು ಈಗ ನಮ್ಮ ಕೋಸಿನ ಉಪ್ಪಿನಕಾಯಿಗೆ, ಕಿಮ್ಚಿಗೆ, ಸಾಲು ನಿಲ್ಲುತ್ತಿದೆ. ಖುಷಿಪಡಲೂ ನನ್ನಲ್ಲಿ ತ್ರಾಣವಿಲ್ಲ. ಚಳಿಗಾಲದ ಕೋಸಿಗೆ ಉಪ್ಪು ಹಚ್ಚಿ ಹಚ್ಚಿ ಬೆರಳುಗಳು ಬಿರಿದಿವೆ. ಅಮ್ಮ ಕುರ್ಚಿ ಬಿಟ್ಟು ಏಳುವುದಿಲ್ಲ, ಬಾಯಿ ಮಾತ್ರ ನಿಂತಿಲ್ಲ.

ಶಿಹೊ ಜೊತೆ ಬಂದ ಗೆಳತಿಯರೆಲ್ಲ ಈರುಳ್ಳಿ ಸೊಪ್ಪಿನ ದೋಸೆ ಕೇಳಿದರು. ಶಿಹೊ ಮಾತ್ರ ನಾವು ನಮ್ಮ ಊಟಕ್ಕೆ ಮಾಡಿಕೊಂಡಿದ್ದ ಕಡಲಪಾಚಿಯ ಸಾರು ಕೇಳಿದಳು. ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು.

"ನನ್ ಹುಟ್ಟಿದಬ್ಬಕ್ಕೆ ನಮ್ಮಮ್ಮ ಇದನ್ನೇ ಮಾಡೋದು. ಅವರೂರ ಪದ್ಧತಿಯಂತೆ."

"ಯಾವೂರಮ್ಮಾ ಅವಳ್ದು?" ಅಮ್ಮ ಕೇಳಿದಳು. ಹುಟ್ಟುಹಬ್ಬಕ್ಕೆ ಆ ಸಾರು ಮಾಡುವವರು ನಾವು ಕೊರಿಯಾದವರು ತಾನೇ.

"ಕೇಳಿದ್ರೆ ಹೇಳಲ್ಲ ಅಜ್ಜಿ. ಹೆತ್ತವ್ರು ಪ್ರವಾಹದಲ್ಲಿ ಹೋದ್ರು ಅಂತಾಳೆ, ಅಷ್ಟೇ."

"ನಿಮ್ಮಮ್ಮನ ಹೆಸರು?"

"ತಮಾಕೊ."

ಶಾಲೆಗೆಂದು ಅಪ್ಪ ನಿನಗಿಟ್ಟ ಜಪಾನಿ ಹೆಸರು. ಹುಬ್ಬು, ಗಲ್ಲ, ಎಲ್ಲ ನಿನ್ನವೇ. ನಾನು ಸೌಟು ಹಿಡಿದು ನಿಂತೇ ಇದ್ದೆ. ಅಮ್ಮನೇ ಗದರಿದಳು: "ಏನ್ ನೋಡ್ತೀಯೆ? ಇನ್ನೊಂದ್ ಸೌಟು ಹಾಕು. ಬಡಕಲಾಗಿದೆ ಮಗು."

"ನಮ್ಮಮ್ಮನೂ ಹಿಂಗೇ ಬೈಯೋದು!" ಎಂದು ಶಿಹೊ ನಕ್ಕಳು. ಕುಡಿದು, ಕೈಮುಗಿದು, ಗೆಳತಿಯರ ಹಿಂದೆ ಹೊರಟುಹೋದಳು.

ನಾವು ಯಾರೆಂದು ಮಗುವಿಗೆ ಏಕೆ ಹೇಳಲಿಲ್ಲವೆಂದು ಅಮ್ಮನನ್ನು ಕೇಳಿದೆ. "ಮಗಳು ಕಷ್ಟಪಟ್ಟು ಕಟ್ಟಿಕೊಂಡ ಮನೆ. ನಾನ್ಯಾಕೆ ಕೆಡವ್ಲಿ?" ಅಂದಳು. ಆಮೇಲೆ ಊಟಕ್ಕೆ ಏಳಲಿಲ್ಲ.

ಕೊರಿಯಾದವಳೆಂದು ಜಪಾನಿ ಗಂಡನ ಮನೆಯವರಿಗೆ ತಿಳಿದೀತೆಂದು ಹೆದರಿ ನಮ್ಮನ್ನು ನೀರುಪಾಲು ಮಾಡಿದೆಯಲ್ಲ ಎಂದು ಜಗಳಕ್ಕೆ ಬರೆಯುತ್ತಿಲ್ಲ. ಕೋಪವೂ ದಣಿದುಹೋಗಿದೆ ಅಕ್ಕಾ. ಇಷ್ಟು ವರ್ಷ ಬಚ್ಚಿಟ್ಟುಕೊಂಡು ನೀನೂ ದಣಿದಿರಬೇಕು. ಒಮ್ಮೆ ಬಂದು ಅಮ್ಮನನ್ನು ನೋಡಿ ಹೋಗು. ಗಿರಾಕಿಯ ಹಾಗೆ ಬಂದರೂ ಸರಿ.

ನಿನ್ನ ತಂಗಿ,
ಚುನ್‌ಹ್ವಾ

ತಾ.ಕ.: ಬರೆದದ್ದೇನೋ ಆಯಿತು, ನಿನ್ನ ವಿಳಾಸ ತಿಳಿಯದೆ ಹಾಗೇ ಇಟ್ಟಿದ್ದೆ. ಇವತ್ತು ಶಿಹೊ ಒಬ್ಬಳೇ ಬಂದಳು. ಅಮ್ಮನ ಎದುರು ಕೂತು, "ಅಜ್ಜಿ, ಅವತ್ತು ನಮ್ಮಮ್ಮನ ಹೆಸರು ಯಾಕೆ ಕೇಳಿದ್ರಿ?" ಎಂದಳು. ಮೊಮ್ಮಗಳ ಮುಖ ನೋಡಿಕೊಂಡು ಸುಳ್ಳು ಹೇಳಲು ಅಮ್ಮನಿಂದಾಗಲಿಲ್ಲ. ಲಕೋಟೆಯ ಮೇಲೆ ವಿಳಾಸ ಬರೆದ ಅಕ್ಷರ ಯಾರದೆಂದು ನಿನಗೆ ನಾನು ಹೇಳಬೇಕಿಲ್ಲ.