ಫೋಟೋದ ಅಂಚಿನಾಚೆ

ಅಣ್ಣಾ,

'ಪ್ರೀತಿಯ' ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. 'ಅಣ್ಣ' ಮಾತ್ರ ನಾಲಿಗೆಗೆ ಅಂಟಿಕೊಂಡಿದೆ, ಉಗುಳಿದರೂ ಹೋಗುತ್ತಿಲ್ಲ.

ಬಂದರಿನ ಮುಷ್ಕರದ ವರ್ಷ ನೀನು ದೂರದೇಶದ ಪತ್ರಿಕೆಯ ವರದಿಗಾರನಾಗಿ ನಮ್ಮ ದಡಕ್ಕೆ ಬಂದೆ. ನಾನು ನಿನ್ನ ದುಭಾಷಿ. ಪೊಲೀಸರು ಹುಡುಕಿಕೊಂಡು ಬಂದಾಗ ಅಮ್ಮ ನಿನ್ನನ್ನು ಬಲೆಯ ರಾಶಿಯಡಿ ಮಲಗಿಸಿ, ಮೇಲೆ ತಾನು ಕೂತು, "ಇಲ್ಲಿ ಮೀನು ಬಿಟ್ರೆ ಬೇರೇನೂ ನಾರಲ್ಲ ಸಾಹೇಬ್ರೇ" ಎಂದಿದ್ದಳು. ಅಂದಿನಿಂದ ನೀನು ಅವಳಿಗೆ ಮಗ, ನನಗೆ ಅಣ್ಣ. ನಿನ್ನ ವರದಿಯಲ್ಲಿ ನಮ್ಮ ಕೇರಿಯ ಒಬ್ಬೊಬ್ಬರ ಹೆಸರೂ ಇತ್ತು. ನಾವೂ ಇದ್ದೇವೆಂದು ಲೋಕಕ್ಕೆ ಗೊತ್ತಾದದ್ದು ನಿನ್ನಿಂದ. ಇಲ್ಲವೆನ್ನುವುದಿಲ್ಲ.

ಪತ್ರಿಕೆ ನಿನ್ನನ್ನು ಕೈಬಿಟ್ಟಿತು. ಪ್ರವಾಸ ಲೇಖನ ಬರೆದು ಬದುಕತೊಡಗಿದೆ. ಹೊಟ್ಟೆಪಾಡು, ಅದಕ್ಕೂ ನನ್ನ ತಕರಾರಿಲ್ಲ. ಹೋದ ವರ್ಷ ನಮ್ಮ ಕೇರಿಯ ಪಕ್ಕ ಎದ್ದ ರೆಸಾರ್ಟಿನ ಅತಿಥಿಯಾಗಿ ಬಂದಾಗ ಕೇರಿಗೆ ಕೇರಿಯೇ ಓಡಿಬಂತು. ನೀನು ಕ್ಯಾಮೆರಾ ಎತ್ತಿ, "ಸ್ವಲ್ಪ ಪಕ್ಕಕ್ಕೆ ಹೋಗಿ, ಬರೀ ಸಮುದ್ರ ಬೇಕು" ಅಂದೆ. ನಾವೇ ದೋಣಿ ಎಳೆದೆವು. ಒಣಹಾಕಿದ ಬಟ್ಟೆ ತೆಗೆದೆವು. "ಏ, ಅಡ್ಡ ಬರಬೇಡ್ರೋ, ಮಾವ ಫೋಟೋ ತೆಗೀತಿದ್ದಾನೆ" ಎಂದು ಅಮ್ಮ ಮಕ್ಕಳನ್ನು ಗದರಿದಳು.

ಆ ಫೋಟೋ ಹಾಕಿ 'ನರಪಿಳ್ಳೆಯೂ ಇಲ್ಲದ ದಡ' ಎಂದು ಬರೆದೆಯಲ್ಲ ಮಹಾರಾಯ!

ದಡ ತಮ್ಮದೆಂದು ರೆಸಾರ್ಟಿನವರು ಕೋರ್ಟಿಗೆ ಹೋದರು. ನಾವು ಹಿಂದಿನಿಂದ ಇಲ್ಲೇ ಇದ್ದೇವೆ ಅನ್ನಲು ನಮಗಿದ್ದ ಸಾಕ್ಷಿ ನಿನ್ನ ಹಳೆಯ ವರದಿ. ಅವರ ವಕೀಲ ಅದರ ಮೇಲೆ ನಿನ್ನ ಹೊಸ ಲೇಖನ ಇಟ್ಟ: "ಅದೇ ಮನುಷ್ಯ ಬರೆದಿದ್ದು ಸ್ವಾಮಿ. ಹಳಬರು ಎಂದೋ ಹೋದರು. ಇವರು ಪರಿಹಾರದ ಆಸೆಗೆ ಈಚೆಗೆ ಬಂದು ಗುಡಿಸಲು ಹಾಕಿದೋರು."

ನಿನಗೆ ಫೋನು ಮಾಡಿದೆ. "ಅದು ಬರವಣಿಗೆಯ ಸೊಗಸು ತಂಗಿ, ಯಾರು ನಂಬ್ತಾರೆ? ನಾನು ಸಾಕ್ಷಿ ಹೇಳಿದ್ರೆ ನಾಳೆ ಯಾವ ಹೋಟೆಲ್ಲೂ ನಂಗೆ ಬಾಗಿಲು ತೆಗಿಯಲ್ಲ." ಬಾಗಿಲೇ ಇಲ್ಲದ ಗುಡಿಸಲಲ್ಲಿ ನಿನ್ನ ಜೀವ ಉಳೀತಲ್ಲೋ ಅಂದೆ. ನೀನು ಫೋನಿಟ್ಟೆ.

ಹೋದ ತಿಂಗಳು ನ್ಯಾಯಾಧೀಶರು ಆ ಫೋಟೋ ಮುಂದಿಟ್ಟು, "ಇದರಲ್ಲಿ ನೀವೆಲ್ಲಿದ್ದೀರಿ ಅಜ್ಜಿ?" ಎಂದರು. ಅಮ್ಮ ಅಂಚಿನಾಚೆ, ಮೇಜಿನ ಮರದ ಮೇಲೆ ಬೆರಳಿಟ್ಟಳು. "ಇಲ್ಲಿ ನಿಂತಿದ್ದೆ ಸ್ವಾಮಿ. ಮಗ ಪಕ್ಕಕ್ಕೆ ಹೋಗು ಅಂದ, ಹೋದೆ."

ಕೋರ್ಟು ಗೊಳ್ಳೆಂದಿತು. ನಂಬಿದರೆಂದುಕೊಂಡು ಅಮ್ಮನೂ ನಕ್ಕಳು.

ತೆರವಿನ ಆದೇಶ ಬಂದಿದೆ. ನಾಳೆ ಬುಲ್ಡೋಜರ್ ಬರುತ್ತದೆ. ನಾವು ಏಳುವುದಿಲ್ಲ. ವರದಿ ಮಾಡಲು ನೀನು ಬರಬೇಡ. ನಮ್ಮ ಹೆಣ್ಣುಮಕ್ಕಳು ಬರೆಯಲು ಕಲಿತಿದ್ದಾರೆ.

ನೂರು ಕಾಲ ಬಾಳು, ಊರೂರು ತಿರುಗು. ಹೋದಲ್ಲೆಲ್ಲ ಯಾರಾದರೊಬ್ಬರು ನಿನ್ನ ಗುರುತು ಹಿಡಿಯಲಿ.

ಒಂದು ಕಾಲದ ನಿನ್ನ ದುಭಾಷಿ